ತಡೆದವರಿಗೂ ಒಂದು ನಮಸ್ಕಾರ

ಈ ಸಲದ ರಾಜ್ಯ ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ, ಮೂರು ಸಾವಿರ ಮೀಟರ್ ನಡಿಗೆಯಲ್ಲಿ ಮಗಳಿಗೆ ಮೂರನೇ ಸ್ಥಾನ ಬಂತು. ಫೋನ್ ಮಾಡಿದವರು, ಅಂಗಡಿಗೇ ಬಂದು ಸ್ವೀಟ್ ಕೇಳಿ ತಿಂದು ಹೋದವರು, ಸ್ಟೇಟಸ್‌ಗೆ ಅವಳ ಫೋಟೊ ಹಾಕಿಕೊಂಡವರು, ಎಲ್ಲರಿಗೂ ಒಬ್ಬೊಬ್ಬರಾಗಿ ಉತ್ತರ ಕೊಡೋಕೆ ಆಗಲಿಲ್ಲ. ಹಬ್ಬದ ಬ್ಲೌಸುಗಳು ಇನ್ನೂ ಮಿಷನ್ ಪಕ್ಕದಲ್ಲೇ ರಾಶಿ ಬಿದ್ದಿವೆ. ಅದಕ್ಕೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಮಗಳು ಓದಿ ಒಪ್ಪಿದ ಮೇಲೇ ಹಾಕಿದ್ದು. ಕೆಲವು ಸಾಲು ಅವಳೇ ಹೊಡೆದು ಹಾಕಿದಳು. ನಾನು ಬಿಡಬೇಕು ಅಂದುಕೊಂಡಿದ್ದ ಒಂದು ವಿಷಯವನ್ನು ಮಾತ್ರ "ಬರಿ ಅಮ್ಮ, ಬೇರೆ ಹುಡುಗಿಯರಿಗೂ ಗೊತ್ತಾಗಲಿ" ಅಂದಳು.

ಬೆನ್ನು ತಟ್ಟಿದವರು ಬಹಳ ಜನ. ಅವರ ಋಣ ತೀರುವಂಥದ್ದಲ್ಲ, ಅವರಿಗೂ ಅದು ಗೊತ್ತು. ಆದರೆ ಈ ಪದಕ ಕೈಗೆ ಬಂದಾಗ ನನಗೆ ಮೊದಲು ನೆನಪಾದವರು ಬೇರೆ. ಮುಂದೆ ನುಗ್ಗುತ್ತೀನಿ ಅಂತ ಹೊರಟವಳನ್ನು ಹಿಡಿದು ನಿಲ್ಲಿಸಿದವರು. ಅಂಥವರನ್ನು ಸನ್ಮಾನಕ್ಕೆ ಯಾರೂ ಕರೆಯುವುದಿಲ್ಲ.

ಮೊದಲನೆಯವರು ಅವಳ ಶಾಲೆಯ ಪಿ.ಟಿ. ಮೇಷ್ಟ್ರು. ಎಂಟನೇ ಕ್ಲಾಸಿನಲ್ಲಿ ಇವಳು ಸಾವಿರದ ಐನೂರು ಮೀಟರ್ ಓಡುತ್ತಿದ್ದಳು. ತಾಲ್ಲೂಕು ಮಟ್ಟದವರೆಗೆ ಹೋಗಿ ಅಲ್ಲಿ ಐದನೆಯವಳೋ ಆರನೆಯವಳೋ ಆಗಿ ವಾಪಸ್ ಬರುತ್ತಿದ್ದಳು. ಮೇಷ್ಟ್ರು ಒಂದು ದಿನ ನನ್ನನ್ನು ಕರೆಸಿ, "ಇವಳ ಓಟ ಬಿಡಿಸಿ ಅಮ್ಮ" ಅಂದರು. ಅವರು ಇವಳು ಓಡೋದನ್ನಲ್ಲ, ಗೇಟಿನಿಂದ ಕ್ಲಾಸಿಗೆ ನಡೆದು ಬರೋದನ್ನು ನೋಡಿದ್ದರಂತೆ. ಹಿಮ್ಮಡಿ ಮೊದಲು ಊರುತ್ತಾಳೆ, ಮೊಣಕಾಲು ನೆಟ್ಟಗೆ ನಿಲ್ಲುತ್ತೆ, ಸೊಂಟ ಸಲೀಸಾಗಿ ತಿರುಗುತ್ತೆ, ಹೇಳಿಕೊಟ್ಟರೂ ಕೆಲವರಿಗೆ ಇದು ಬರೋದಿಲ್ಲ ಅಂದರು. ಮಗಳು ಎರಡು ದಿನ ಅತ್ತಳು. ನಡಿಗೆ ಅಂದರೆ ಓಡೋಕೆ ಬರದವರಿಗೆ ಕೊಡೋ ಸಮಾಧಾನ ಅಂತ ಅವಳ ಲೆಕ್ಕ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಇದು ಬೆಳಗಿನ ವಾಕಿಂಗ್ ಅಲ್ಲ. ಎರಡು ನಿಯಮ ಇದೆ. ಕಣ್ಣಿಗೆ ಕಾಣುವ ಹಾಗೆ ಎರಡೂ ಪಾದ ಒಟ್ಟಿಗೆ ನೆಲ ಬಿಡಬಾರದು. ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ಮೈ ಅದರ ಮೇಲೆ ನೆಟ್ಟಗೆ ಬರುವ ತನಕ ಮೊಣಕಾಲು ಮಡಿಸಬಾರದು. ಟ್ರ್ಯಾಕ್ ಸುತ್ತ ನಿಂತ ಜಡ್ಜ್‌ಗಳು ಬರೀ ಕಣ್ಣಲ್ಲೇ ಇದನ್ನು ನೋಡಿ ತೀರ್ಮಾನಿಸುತ್ತಾರೆ. ತಪ್ಪಿನ ಹತ್ತಿರ ಬಂದರೆ ಹಳದಿ ಹಲಗೆ ತೋರಿಸುತ್ತಾರೆ. ಅಲೆಯಂಥ ಗೆರೆ ಇದ್ದರೆ ಪಾದ ಎತ್ತುತ್ತಿದ್ದೀಯ ಅಂತ, ಕೋನದ ಗುರುತು ಇದ್ದರೆ ಮೊಣಕಾಲು ಮಡಿಸುತ್ತಿದ್ದೀಯ ಅಂತ. ಮೂರು ಬೇರೆ ಬೇರೆ ಜಡ್ಜ್‌ಗಳಿಂದ ಕೆಂಪು ಕಾರ್ಡ್ ಬಿದ್ದರೆ ಹೊರಗೆ. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಈ ಸ್ಪರ್ಧೆ ಶುರುವಾಗಿದ್ದೇ 1992ರಲ್ಲಿ, ಬಾರ್ಸಿಲೋನಾದಲ್ಲಿ. 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪ್ರಿಯಾಂಕಾ ಗೋಸ್ವಾಮಿ ಹತ್ತು ಸಾವಿರ ಮೀಟರ್ ನಡಿಗೆಯಲ್ಲಿ ಬೆಳ್ಳಿ ಗೆದ್ದ ವಿಡಿಯೊವನ್ನು ಮೇಷ್ಟ್ರು ತಮ್ಮ ಮೊಬೈಲಿನಲ್ಲಿ ತೋರಿಸಿದ ಮೇಲೇ ನಮ್ಮವಳು ಕಣ್ಣೊರೆಸಿಕೊಂಡಿದ್ದು.

ಈ ನಡಿಗೆ ನೋಡೋಕೆ ವಿಚಿತ್ರ. ಸೊಂಟ ಆ ಕಡೆ ಈ ಕಡೆ ಹೊರಳುತ್ತೆ. ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿ ಹದಿನಾಲ್ಕು ವರ್ಷದ ಹುಡುಗಿ ಹಾಗೆ ನಡೆದರೆ ಏನೇನು ಕೇಳಬೇಕಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೈಕ್ ನಿಧಾನ ಮಾಡಿ ಹಿಂದೆ ಬಂದವರಿದ್ದರು. ಆಗ ಜಾಗ ಕೊಟ್ಟವರು ಮಹಾರಾಜ ಪಾರ್ಕಿನ ಬೆಳಗಿನ ಬಳಗ. ರಿಟೈರ್ ಆದ ಮೇಷ್ಟ್ರುಗಳು, ಬ್ಯಾಂಕಿನವರು, ಮಂಕಿ ಕ್ಯಾಪ್ ಹಾಕಿಕೊಂಡ ಅಜ್ಜಂದಿರು. ಡಿಸೆಂಬರಿನ ಮಂಜಿನಲ್ಲಿ ಇವಳು ಬರುವ ಸಪ್ಪಳ ಕೇಳಿದರೆ ಸಾಕು, ದಾರಿಯ ಒಂದು ಪಕ್ಕಕ್ಕೆ ಸರಿಯುತ್ತಿದ್ದರು. ಒಂದು ದಿನ ಬೆಂಚಿನ ಮೇಲಿನ ಹುಡುಗರು ನಕ್ಕಾಗ ಒಬ್ಬ ಹಿರಿಯರು ಹೋಗಿ, "ಬನ್ನಿ, ಅವಳ ಜೊತೆ ಒಂದೇ ಒಂದು ಸುತ್ತು ನಡೆದು ತೋರಿಸಿ, ಆಮೇಲೆ ನಾನೂ ನಿಮ್ಮ ಜೊತೆ ಕೂತು ನಗ್ತೀನಿ" ಅಂದರು. ಹುಡುಗರು ಎದ್ದು ಹೋದರು. ಅದೇ ಹಿರಿಯರು ಮರುದಿನ ಇವಳ ಜೊತೆ ಅರ್ಧ ಸುತ್ತು ಪ್ರಯತ್ನ ಮಾಡಿ ಸೊಂಟ ಹಿಡಿದುಕೊಂಡು ಕೂತಿದ್ದು ಬೇರೆ ಕತೆ.

ಆಮೇಲೆ ಚಡ್ಡಿಯ ಗಲಾಟೆ. ಜಡ್ಜ್‌ಗೆ ಮೊಣಕಾಲು ಕಾಣಬೇಕು, ಬಟ್ಟೆ ಅವರ ಕಣ್ಣಿಗೆ ಅಡ್ಡ ಬರಬಾರದು ಅನ್ನೋದು ಆಟದ ನಿಯಮ. ದೊಗಳೆ ಟ್ರ್ಯಾಕ್ ಪ್ಯಾಂಟ್‌ನಲ್ಲಿ ನಡೆದರೆ ಕಾಲು ನೆಟ್ಟಗಿದ್ದರೂ ಮಡಿಸಿದ ಹಾಗೆ ಕಾಣುತ್ತೆ. ನಾನು ಟೈಲರ್, ಅಳತೆ ನನ್ನ ಕೈಯಲ್ಲೇ ಇತ್ತು. ಮೊಣಕಾಲಿಗಿಂತ ನಾಲ್ಕು ಬೆರಳು ಮೇಲೆ, ತೊಡೆ ಉಜ್ಜದ ಹಾಗೆ ಒಳಹೊಲಿಗೆಯನ್ನು ಚಪ್ಪಟೆ ಮಾಡಿ, ಇಲಾಸ್ಟಿಕ್ ಅನ್ನು ಬಟ್ಟೆಯೊಳಗೇ ಕೂರಿಸಿ ಹೊಲಿದೆ. ಬೀದಿಯಲ್ಲಿ ಮಾತಾಯಿತು. ಮನೆಯವರೂ ಮೊದಲು ಮುಖ ಗಂಟು ಹಾಕಿದರು. ಒಂದು ಸಲ ಮೈದಾನಕ್ಕೆ ಬಂದು ಜಡ್ಜ್ ಬಗ್ಗಿ ನಿಂತು ಕಾಲನ್ನೇ ನೋಡುವುದನ್ನು ಕಂಡ ಮೇಲೆ, ತಾವಾಗೇ "ಇನ್ನೊಂದು ಜೊತೆ ಹೊಲಿ, ಒಗೆದರೆ ಒಣಗೋಕೆ ಬೇಕಲ್ಲ" ಅಂದರು. ಅವರ ಕೆಲಸ ಆಲೂಗಡ್ಡೆ ಲೋಡಿನ ಗಾಡಿ. ನಮ್ಮ ಕಡೆ ಆಲೂಗಡ್ಡೆ ಕೀಳುವ ಹೊತ್ತಿಗೇ ಶಾಲಾ ಕ್ರೀಡಾಕೂಟಗಳೂ ಶುರುವಾಗುತ್ತವೆ. ಹಾಗಾಗಿ ಅವರು ಬಂದಿದ್ದು ಆ ಒಂದೇ ಸಲ. ಆ ಒಂದು ಸಲ ಸಾಕಾಯಿತು.

"ಕ್ರಿಕೆಟ್‌ಗೆ ಹಾಕಬಾರದಿತ್ತಾ" ಅಂತ ಕೇಳಿದವರಿಗೂ ಥ್ಯಾಂಕ್ಸ್. ಶ್ರೀನಾಥ್ ಲೋಕಕ್ಕೆಲ್ಲ ಹೆಸರು ಕೇಳಿಸಿದ ಜಾವಗಲ್ ಅನ್ನೋ ಊರು ನಮ್ಮ ಜಿಲ್ಲೆಗೆ ಸೇರಿದ್ದು, ಪಕ್ಕದ ಕಡೂರಿನಿಂದ ವೇದಾ ಕೃಷ್ಣಮೂರ್ತಿ ಬಂದರು, ಎಲ್ಲ ನಿಜ. ನಮ್ಮವಳಿಗೆ ಚೆಂಡು ಕಂಡರೆ ಭಯ. ವಿಷಯ ಅಲ್ಲಿಗೆ ಮುಗಿಯಿತು.

ಕಳೆದ ವರ್ಷ ಜಿಲ್ಲೆಯಲ್ಲಿ ಗೆದ್ದು ಮೈಸೂರು ವಿಭಾಗ ಮಟ್ಟಕ್ಕೆ ಹೋದಳು. ಕೊನೆಯ ಸುತ್ತಿಗೆ ಬಂದಾಗ ಎರಡನೆಯವಳಾಗಿದ್ದಳು. ಮುಂದಿದ್ದವಳನ್ನು ಹಿಡಿಯೋಕೆ ಹೋದಳು, ಮೊಣಕಾಲು ಮಡಿಸಿತು, ಮೂರನೇ ಕೆಂಪು ಕಾರ್ಡ್ ಬಿತ್ತು. ಗೆರೆ ದಾಟಿ ಕೈ ಎತ್ತಿದ ಮೇಲೆ ಸುದ್ದಿ ಹೇಳಿದರು. ಅವಳಿಗಿಂತ ಜಾಸ್ತಿ ಕೂಗಾಡಿದವರು ಸುತ್ತ ನಿಂತಿದ್ದ ನಾವು ಪೋಷಕರು. ಆ ಜಡ್ಜ್, ಐವತ್ತರ ಆಸುಪಾಸಿನ ಹೆಂಗಸು, ಬೇರೆ ಸ್ಪರ್ಧೆಗಳೆಲ್ಲ ಮುಗಿದ ಮೇಲೆ ತಾವಾಗೇ ನಮ್ಮನ್ನು ಹುಡುಕಿಕೊಂಡು ಬಂದರು. ಬಿಸಿಲಿಗೆ ಕಾದ ಮೆಟ್ಟಿಲ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತೊಡೆಯ ಹಿಂಭಾಗ ಸುಸ್ತಾದಾಗ ಮೊಣಕಾಲು ಹೇಗೆ ತಾನಾಗೇ ಸಡಿಲವಾಗುತ್ತೆ ಅಂತ ಅವಳ ಕಾಲನ್ನೇ ಮುಟ್ಟಿ ತೋರಿಸಿದರು. "ನಾನು ಇವತ್ತು ಬಿಟ್ಟುಬಿಟ್ಟಿದ್ದರೆ ನೀನು ಇದನ್ನೇ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ. ಆಮೇಲೆ ದೊಡ್ಡ ಮೈದಾನದಲ್ಲಿ ಯಾರೂ ಹೀಗೆ ಕೂತು ಹೇಳಲ್ಲ." ಅವರ ಹೆಸರು ಇಲ್ಲಿ ಹಾಕುವುದಿಲ್ಲ. ಓದಿದರೆ ಅವರಿಗೆ ತಿಳಿಯುತ್ತೆ.

ಆ ಸೋಲಿನ ನಂತರದ ತಿಂಗಳುಗಳೇ ನಮಗೆ ನಿಜವಾದ ಕಷ್ಟದ ಕಾಲ. ಮಗಳು ಬಿಡುವಿಲ್ಲದೆ ಟಾರ್ ರಸ್ತೆಯ ಮೇಲೆ ನಡೆದಳು. ಹಾಸನಾಂಬೆ ಬಾಗಿಲು ತೆರೆದು, ಊರಿನ ಬೀದಿಗಳಲ್ಲಿ ರಾತ್ರಿಯಿಂದಲೇ ಭಕ್ತರ ಸಾಲು ನಿಂತಿದ್ದ ದಿನಗಳಲ್ಲೂ ಬೈಪಾಸ್ ಕಡೆಗೆ ಹೋಗಿ ನಡೆದು ಬಂದಳು. ಮೈ ಹಗುರ ಇದ್ದರೆ ವೇಗ ಬರುತ್ತೆ ಅಂತ ಯಾರೋ ಕಿವಿಗೆ ಹಾಕಿದ್ದರು. ಮುದ್ದೆ ಅರ್ಧ ಆಯಿತು, ಆಮೇಲೆ ಕಾಲು ಆಯಿತು. ಜನವರಿಯಲ್ಲಿ ಮೊಣಕಾಲಿನ ಕೆಳಗೆ, ಮೂಳೆಯ ಒಳಬದಿಯಲ್ಲಿ ನೋವು ಶುರುವಾಯಿತು. ಮೊದಲು ನಡೆಯುವಾಗ, ನಂತರ ಮೆಟ್ಟಿಲು ಹತ್ತುವಾಗ, ಕೊನೆಗೆ ಮಲಗಿದ್ದಾಗಲೂ. ಎಕ್ಸ್‌ರೇ ತೆಗೆಸಿದೆವು, ಏನೂ ಕಾಣಲಿಲ್ಲ. "ಏನೂ ಇಲ್ಲ, ನೋವಿನ ಮಾತ್ರೆ ನುಂಗಿ ಅಭ್ಯಾಸ ಮಾಡಲಿ" ಅಂದವರಿದ್ದರು.

ಇನ್ನೊಬ್ಬರು ಡಾಕ್ಟರಮ್ಮ ಎಕ್ಸ್‌ರೇ ಪಕ್ಕಕ್ಕಿಟ್ಟು ಹೆಬ್ಬೆರಳಿಂದ ಮೂಳೆಯನ್ನು ಮೇಲಿನಿಂದ ಕೆಳಗೆ ಒತ್ತುತ್ತಾ ಬಂದರು. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಮಗಳು ಕಿರುಚಿದಳು. ಮೂಳೆಗೆ ಕೂದಲೆಳೆಯಷ್ಟು ಬಿರುಕು ಬಿದ್ದರೆ ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಎಂಆರ್‌ಐಯಲ್ಲಿ ಕಾಣುತ್ತೆ ಅಂದರು. ಕಂಡಿತು. ಆಮೇಲೆ ಅವರು ಕೇಳಿದ್ದು ಕಾಲಿನ ಬಗ್ಗೆ ಅಲ್ಲ. "ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗ್ತಿದೆಯಾ?"

ಆಗುತ್ತಿರಲಿಲ್ಲ. ಕೆಲವು ತಿಂಗಳಿಂದ ನಿಂತೇ ಹೋಗಿತ್ತು. ಮೈದಾನದಲ್ಲಿ ಹುಡುಗಿಯರ ನಡುವೆ ಅದು ಒಳ್ಳೆಯದೇ ಆಯಿತು, ಕೂಟದ ದಿನ ತಾಪತ್ರಯ ಇಲ್ಲ ಅನ್ನೋ ಮಾತು ಓಡಾಡುತ್ತಿತ್ತಂತೆ. ಮಗಳು ಬರಿ ಅಂದಿದ್ದು ಇದನ್ನೇ. ಡಾಕ್ಟರಮ್ಮ ಹೇಳಿದ್ದು ಹೀಗೆ: ಖರ್ಚು ಮಾಡೋ ಶಕ್ತಿಗೆ ತಕ್ಕಷ್ಟು ತಿನ್ನದಿದ್ದರೆ ದೇಹ ಉಳಿತಾಯಕ್ಕೆ ಇಳಿಯುತ್ತೆ, ಮೊದಲು ಮುಟ್ಟು ನಿಲ್ಲಿಸುತ್ತೆ. ಅದರ ಜೊತೆ ಮೂಳೆ ಕಾಯುವ ಹಾರ್ಮೋನೂ ಇಳಿಯುತ್ತೆ. ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ ಅದು ಸೊರಗುತ್ತೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್, ಅಂದರೆ ಆಟಗಾರರಲ್ಲಿ ಆಗೋ ಶಕ್ತಿಯ ಕೊರತೆ, ಅಂತ ಹೆಸರನ್ನೇ ಕೊಟ್ಟಿದೆಯಂತೆ. ಹುಡುಗರಿಗೂ ಆಗುತ್ತೆ, ಅವರಲ್ಲಿ ಗೊತ್ತಾಗೋಕೆ ಇಂಥ ಗುರುತು ಇಲ್ಲ ಅಷ್ಟೇ. ಮೂರು ತಿಂಗಳು ಮುಟ್ಟು ಆಗಲಿಲ್ಲ ಅಂದರೆ ಕಾಯಬೇಡಿ, ತೋರಿಸಿ ಅಂದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8 ಬಂತು. ಈ ವಯಸ್ಸಿನ ಹುಡುಗಿಗೆ 12ಕ್ಕಿಂತ ಕೆಳಗೆ ಹೋದರೆ ಅದು ರಕ್ತಹೀನತೆ.

"ಎಲ್ಲ ಬಂದ್" ಅಂದರು. ನಡಿಗೆ ಬಂದ್, ಓಟ ಬಂದ್, ಮೈದಾನಕ್ಕೆ ಹೋಗಿ ನೋಡುವುದೂ ಬಂದ್. ಮಗಳು ಅವರ ಮೇಜಿನ ಮುಂದೆಯೇ ಜಗಳಕ್ಕೆ ನಿಂತಳು. ಅವರು ಪೆನ್ನಿನ ಕ್ಯಾಪ್ ಹಾಕಿ ಕೈ ಕಟ್ಟಿ ಕೂತರು, ಪೂರ್ತಿ ಕೇಳಿಸಿಕೊಂಡರು, ಆಮೇಲೆ ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿದರು. ಅಮ್ಮಾ, ನಿಮಗೆ ನನ್ನ ಕೈ ಮುಗಿದ ನಮಸ್ಕಾರ.

ನಂತರದ ಕೆಲಸ ಅಡುಗೆಮನೆಯದು, ಅಂದರೆ ನಮ್ಮತ್ತೆಯದು. ಮುದ್ದೆ ಪೂರ್ತಿ ಗಾತ್ರಕ್ಕೆ ಬಂತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತೆ ಅಂತ ಡಾಕ್ಟರಮ್ಮ ಹೇಳಿದಾಗ ಅತ್ತೆ, "ಇದನ್ನು ಹೇಳೋಕೆ ಫೀಸ್ ಬೇರೆ" ಅಂತ ಗೊಣಗಿದರು. ಹುರುಳಿಕಾಳು, ಸೊಪ್ಪು, ವಾರಕ್ಕೆ ಎರಡು ಸಲ ಮಾಂಸ, ದಿನಾ ಮೊಟ್ಟೆ, ಮೇಲೆ ನಿಂಬೆಹಣ್ಣಿನ ರಸ. ಜಗಳ ಬಂದಿದ್ದು ಕಾಫಿಯ ವಿಷಯಕ್ಕೆ. ಊಟದ ಜೊತೆಗೋ ಊಟ ಆದ ತಕ್ಷಣವೋ ಕಾಫಿ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣದಂಶ ಮೈಗೆ ಹಿಡಿಯಲ್ಲ, ಒಂದು ಗಂಟೆಯಾದರೂ ಬಿಡಬೇಕು. ಸಕಲೇಶಪುರದ ಕಡೆಯಿಂದ ಬಂದ ಅತ್ತೆಗೆ ಊಟ ಆದ ಮೇಲೆ ಕಾಫಿ ಕೊಡಬೇಡಿ ಅನ್ನೋದು ಬಂದ ನೆಂಟರನ್ನು ಬಾಗಿಲಿಂದಲೇ ವಾಪಸ್ ಕಳಿಸಿದ ಹಾಗೆ. ಆದರೆ ಮೊಮ್ಮಗಳ ಎದುರು ಕುಡಿದರೆ ಅವಳಿಗೂ ಆಸೆಯಾಗುತ್ತೆ ಅಂತ ತಾವೂ ಬಿಟ್ಟರು. ಈಗಲೂ ನಾಲ್ಕು ಗಂಟೆಗೇ ಕುಡಿಯೋದು. ಇಡೀ ಮನೆಯಲ್ಲಿ ದೊಡ್ಡ ತ್ಯಾಗ ಯಾರದು ಅಂದರೆ ನಾನು ಅವರ ಹೆಸರೇ ಹೇಳುತ್ತೇನೆ.

ಫಿಸಿಯೋ ಹುಡುಗ ಮೇ ತಿಂಗಳಲ್ಲಿ ಮತ್ತೆ ನಡೆಯೋಕೆ ಬಿಟ್ಟಿದ್ದು, ಅದೂ ಹುಲ್ಲಿನ ಮೇಲೆ, ಕೈಯಲ್ಲಿ ಗಡಿಯಾರ ಹಿಡಿದು. ಹತ್ತು ನಿಮಿಷ ಅಂದರೆ ಹತ್ತೇ. ಹನ್ನೊಂದು ಮಾಡಿದರೆ ಮರುದಿನ ರಜೆ.

ಈ ನಡುವೆ ಒಬ್ಬರು ಬಂದು, ಹೇಗೂ ಒಂದು ವರ್ಷ ಹಾಳಾಯಿತು, ಸರ್ಟಿಫಿಕೇಟ್‌ನಲ್ಲಿ ವಯಸ್ಸು ಒಂದು ವರ್ಷ ಇಳಿಸಿಕೊಂಡರೆ ಕೆಳಗಿನ ವಿಭಾಗದಲ್ಲಿ ಸುಲಭವಾಗಿ ಗೆಲ್ಲಬಹುದು ಅಂತ ದಾರಿ ತೋರಿಸಿದರು. ಪಿ.ಟಿ. ಮೇಷ್ಟ್ರಿಗೆ ಹೇಳಿದೆ. ಅವರಿಗೆ ಅಷ್ಟು ಸಿಟ್ಟು ಬಂದಿದ್ದನ್ನು ನಾನು ನೋಡಿರಲಿಲ್ಲ. "ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡ್ತಾರೆ, ಅದಕ್ಕೆ ಹೆದರಿ ಹೇಳ್ತಿಲ್ಲ. ಆ ಕೆಳಗಿನ ವಿಭಾಗದಲ್ಲಿ ಓಡೋ ಮಕ್ಕಳೂ ಯಾರದೋ ಮಕ್ಕಳೇ" ಅಂದರು. ಆ ಮನುಷ್ಯ ಮತ್ತೆ ನಮ್ಮ ಬೀದಿಗೆ ಬಂದಿಲ್ಲ.

ಈ ಸಲದ ಕೂಟದ ಬಗ್ಗೆ ಹೇಳೋಕೆ ಹೆಚ್ಚಿಲ್ಲ. ಏಳೂವರೆ ಸುತ್ತು, ಒಂದು ಹಳದಿ ಹಲಗೆ, ಕೆಂಪು ಒಂದೂ ಇಲ್ಲ. ಕೊನೆಯ ಸುತ್ತಿನಲ್ಲಿ ಮುಂದಿನವಳು ಹತ್ತು ಹೆಜ್ಜೆ ದೂರದಲ್ಲಿದ್ದಳು. ಮಗಳು ಅಟ್ಟಿಸಿಕೊಂಡು ಹೋಗಲಿಲ್ಲ. ಎರಡನೆಯದು ಬರಬಹುದಿತ್ತು ಅಂತ ಬೇಸರ ಪಟ್ಟುಕೊಂಡ ಹಿತೈಷಿಗಳಿಗೆ ನನ್ನ ಉತ್ತರ ಇಷ್ಟೇ, ಅವಳು ಆ ಸುತ್ತನ್ನು ನೆಟ್ಟಗಿನ ಕಾಲಲ್ಲಿ ಮುಗಿಸಿದ್ದು ನನಗೆ ಸಾಕು. ಗೆದ್ದ ಹುಡುಗಿಯ ತಾಯಿ ಉತ್ತರ ಕರ್ನಾಟಕದವರು. ಸ್ಪರ್ಧೆಗೆ ಮೊದಲು ನಮ್ಮವಳ ಎದೆ ನಂಬರಿನ ಪಿನ್ನು ಕಳೆದುಹೋದಾಗ ತಮ್ಮ ಸೆರಗಿನ ಪಿನ್ನನ್ನೇ ತೆಗೆದು ಕೊಟ್ಟರು, ಆಮೇಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇಬ್ಬರು ಮಕ್ಕಳಿಗೂ ಸಮ ಹಂಚಿದರು. ಪಿನ್ನು ನನ್ನ ಹತ್ತಿರವೇ ಉಳಿದಿದೆ ಅಕ್ಕಾ.

ನನ್ನ ಗಿರಾಕಿಗಳಿಗೆ ಬೇರೆಯಾಗೇ ಹೇಳಬೇಕು. ಗೌರಿ ಹಬ್ಬಕ್ಕೆ ಕೊಡಬೇಕಾದ ಬ್ಲೌಸ್ ಆಯುಧಪೂಜೆಗೆ ಕೊಟ್ಟೆ, ಆಯುಧಪೂಜೆಯದು ಇನ್ನೂ ಕೊಟ್ಟಿಲ್ಲ. ಬೈದುಕೊಂಡೇ ಕಾದಿರಿ, ಒಬ್ಬರೂ ಬೇರೆ ಟೈಲರ್ ಹತ್ತಿರ ಹೋಗಲಿಲ್ಲ. ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಮೇಡಂ ಒಬ್ಬರಂತೂ ತಮ್ಮ ಬ್ಲೌಸ್ ಬಿಟ್ಟು "ಮೊದಲು ಮಗೂದು ಚಡ್ಡಿ ಮುಗಿಸು" ಅಂದಿದ್ದರು.

ಕೊನೆಗೆ ಎರಡು ವಿಷಯ. ಮಗಳ ಕಾಲಿಗೆ ಚಿಕ್ಕದಾದ ವಾಕಿಂಗ್ ಶೂ ಎರಡು ಜೊತೆ ಇವೆ, ಸೈಜು ನಾಲ್ಕು, ಅಟ್ಟೆ ಚೆನ್ನಾಗಿದೆ. ಬೇಕಾದವರು ಪಿ.ಟಿ. ಮೇಷ್ಟ್ರ ಹತ್ತಿರ ಹೇಳಿ. ಹಾಗೇ ನಡಿಗೆಗೆ ಇಳಿಯುವ ಹುಡುಗಿಯರು ಯಾವ ಶಾಲೆಯವರಾದರೂ ಸರಿ, ಬಟ್ಟೆ ತಂದರೆ ಚಡ್ಡಿ ಹೊಲಿದು ಕೊಡುತ್ತೇನೆ, ಕೂಲಿ ಬೇಡ. ದೀಪಾವಳಿ ಆರ್ಡರ್ ಶುರುವಾಗೋ ಮೊದಲು ಬನ್ನಿ, ಆಮೇಲೆ ಬಂದರೆ ನಿಮ್ಮದೂ ರಾಶಿಗೆ ಸೇರುತ್ತೆ.