ಬಿ.ಎಚ್. ರಸ್ತೆಯ ‘ಎಚ್’ ನಮ್ಮೂರು

ಸಂಪಾದಕರಿಗೆ ನಮಸ್ಕಾರ.

ನಾನು ಹೊನ್ನಾವರದವಳು. ತುಮಕೂರಿನ ಒಂದು ಹೈಸ್ಕೂಲಿನಲ್ಲಿ 26 ವರ್ಷ ಸಮಾಜ ಪಾಠ ಮಾಡಿ, ಈಗ ನಿವೃತ್ತಿಯಾಗಿ ಊರಿಗೆ ಬಂದು ಕೂತಿದ್ದೇನೆ. ತುಮಕೂರಿನಲ್ಲಿ ನಮ್ಮ ಬಾಡಿಗೆ ಮನೆ ಬಿ.ಎಚ್. ರಸ್ತೆಗೆ ಹತ್ತಿಕೊಂಡೇ ಇತ್ತು. ಬಸ್ಸಿನವರು, ಆಟೋದವರು, ಕೊರಿಯರ್ ಹುಡುಗರು, ಎಲ್ಲರ ಬಾಯಲ್ಲೂ ದಿನಾ ಬಿ.ಎಚ್. ರೋಡ್, ಬಿ.ಎಚ್. ರೋಡ್. ಒಂದು ದಿನ ಒಂಬತ್ತನೇ ಕ್ಲಾಸಿನಲ್ಲಿ ಕೇಳಿದೆ, ಹಾಗಂದ್ರೆ ಏನ್ರೋ ಅಂತ. ಒಬ್ಬ ಎದ್ದು ‘ಬೆಂಗಳೂರು ಹೈವೇ ಮಿಸ್’ ಅಂದ. ಉಳಿದವರೆಲ್ಲ ಅದೇ ಸರಿ ಅನ್ನುವ ಹಾಗೆ ತಲೆ ಆಡಿಸಿದರು. ಬೆಂಗಳೂರು–ಹೊನ್ನಾವರ ರಸ್ತೆ ಕಣ್ರೋ ಅಂದೆ.

‘ಹೊನ್ನಾವರ ಎಲ್ಲಿದೆ ಮಿಸ್?’

‘ಈ ರಸ್ತೆ ಮುಗಿಯೋ ಕಡೆ.’

ತುಮಕೂರು, ತಿಪಟೂರು, ಭದ್ರಾವತಿ, ಶಿವಮೊಗ್ಗ, ಸಾಗರ, ಎಲ್ಲ ಊರಲ್ಲೂ ಒಂದೊಂದು ಬಿ.ಎಚ್. ರಸ್ತೆ ಇದೆ. ಅರ್ಧ ರಾಜ್ಯ ನಮ್ಮೂರಿನ ಹೆಸರಿನ ಮೊದಲಕ್ಷರ ಹೇಳಿಕೊಂಡು ಓಡಾಡುತ್ತದೆ. ಊರು ಮಾತ್ರ ಯಾರಿಗೂ ಗೊತ್ತಿಲ್ಲ.

ಹೊರಗಿನವರ ಮಾತು ಬಿಡಿ. ಹೋದ ದೀಪಾವಳಿ ರಜೆಯಲ್ಲಿ ನನ್ನ ತಮ್ಮನ ಮಗಳು ಗೆಳತಿಯರನ್ನು ಕಟ್ಟಿಕೊಂಡು ಬೆಂಗಳೂರಿನಿಂದ ಬಂದಿದ್ದಳು. ಶರಾವತಿಯಲ್ಲಿ ಬೋಟಿಂಗ್ ಆಯಿತು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಲಗೆ ದಾರಿಯಲ್ಲಿ ಫೋಟೋ ಆಯಿತು. ಕಾಸರಕೋಡು ಬೀಚಿಗೆ 2020ರಲ್ಲಿ, ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಸಿಕ್ಕಿದೆಯಲ್ಲ, ಅಲ್ಲಿ ಸಂಜೆ ಆಯಿತು. ಮರುದಿನ ಬೆಳಿಗ್ಗೆ ಬ್ಯಾಗ್ ಕಟ್ಟಿ ‘ಅತ್ತೆ, ಮುರ್ಡೇಶ್ವರಕ್ಕೆ ಹೊರಟ್ವಿ, ಇಲ್ಲಿ ನೋಡೋಕೆ ಇನ್ನೇನೂ ಇಲ್ಲ ಅಲ್ವಾ?’ ಅಂದಳು. ಹುಟ್ಟಿದ್ದು ಇದೇ ಊರಿನಲ್ಲಿ ಮಾರಾಯ್ತಿ ನೀನು, ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಊಟ ಮಾಡಿ ಹೋಗಿ ಅಂತ ಎಲ್ಲರನ್ನೂ ಕೂರಿಸಿದೆ.

ಆ ಊಟದ ಕತೆ ಸ್ವಲ್ಪ ಹೇಳಬೇಕು. ಬಾಳೆ ಎಲೆ ಹಾಕಿ ಅನ್ನ ಬಡಿಸಿದೆ, ಮೇಲೆ ತುಪ್ಪ. ಬದಿಗೆ ಮಿಡಿ ಮಾವಿನ ಉಪ್ಪಿನಕಾಯಿ, ನಿಂಬೆ ಉಪ್ಪಿನಕಾಯಿ, ಹಸಿ ಶುಂಠಿ, ಉಪ್ಪುನೀರಿನಲ್ಲಿ ಹಾಕಿಟ್ಟ ಎಳೆ ಕಾಳುಮೆಣಸಿನ ಗೊಂಚಲು. ಸಾರು, ಪಲ್ಯ ಆದ ಮೇಲೆ ಕೊನೆಗೆ ಮೊಸರು. ಎಲ್ಲರೂ ಮೊಸರನ್ನ ಕಲಸುವಾಗ ಹೇಳಿದೆ: ‘ಇದೇ ಊಟವನ್ನು ಇದೇ ಊರಿನಲ್ಲಿ ಒಬ್ಬ ಮೊರಾಕೊದವನು ಸುಮಾರು 680 ವರ್ಷದ ಹಿಂದೆ ಉಂಡು, ಆಮೇಲೆ ಬರೆದಿಟ್ಟಿದ್ದಾನೆ.’

ಇಬ್ನ್ ಬತೂತ. 1340ರ ದಶಕದಲ್ಲಿ ಹಡಗಿನಲ್ಲಿ ಬಂದು ನಮ್ಮೂರಲ್ಲಿ ಇಳಿದಿದ್ದ. ಊರನ್ನು ‘ಹಿನೌರ್’ ಅಂತ ಬರೆದಿದ್ದಾನೆ. ಇಲ್ಲಿಯ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಉಂಡ. ಅನ್ನ, ತುಪ್ಪ, ಮೆಣಸು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು. ಈ ಅನುಕ್ರಮ ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ರಾಜರು ಹೋದರು, ಕೋಟೆ ಬಿತ್ತು, ಉಪ್ಪಿನಕಾಯಿ ಉಳಿಯಿತು. ಇಲ್ಲಿಯ ಹೆಂಗಸರು ಹೊಲಿದ ಬಟ್ಟೆ ಹಾಕುವುದಿಲ್ಲ, ಬಟ್ಟೆಯ ಒಂದು ತುದಿ ಸೊಂಟಕ್ಕೆ ಸುತ್ತಿ ಉಳಿದದ್ದನ್ನು ತಲೆ, ಎದೆಯ ಮೇಲೆ ಹೊದ್ದುಕೊಳ್ಳುತ್ತಾರೆ ಅಂತಲೂ ಬರೆದ. ಮೂಗಿನಲ್ಲಿ ಚಿನ್ನದ ಮೂಗುತಿಯನ್ನೂ ಬಿಡದೆ ನೋಡಿದ್ದಾನೆ. ಮಳೆಗಾಲದ ನಾಲ್ಕು ತಿಂಗಳು ಮೀನುಗಾರರನ್ನು ಬಿಟ್ಟರೆ ಯಾರೂ ಇಲ್ಲಿ ನೀರಿಗೆ ಇಳಿಯುವಂತಿಲ್ಲ ಅಂದಿದ್ದಾನೆ. ಈಗ ಜೂನ್, ಜುಲೈ 61 ದಿನ ಟ್ರಾಲರ್‌ಗೆ ನಿಷೇಧ ಇದೆ. ಅದು ಮೀನು ಮರಿ ಮಾಡಲಿ ಅಂತ. ಆದರೆ ಹೊಳೆ ಸಮುದ್ರ ಸೇರುವ ಅಳಿವೆಯ ಅಬ್ಬರ ಆಗಲೂ ಇದೇ ಇತ್ತು ಅಂತಾಯಿತು.

ಇದೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಾಲು. ಈ ಊರಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ಕಂಡೆ, ಬೇರೆಲ್ಲೂ ಇಂಥದ್ದು ಕಂಡಿಲ್ಲ ಅನ್ನುತ್ತಾನೆ. ಮೊರಾಕೊದಿಂದ ದೆಹಲಿವರೆಗೆ ತಿರುಗಿದವನ ಮಾತು. ಅವು ಮುಸ್ಲಿಂ ಮಕ್ಕಳಿಗೆ ಕುರಾನ್ ಕಲಿಸುತ್ತಿದ್ದ ಶಾಲೆಗಳು, ಊರಿನ ಎಲ್ಲರಿಗೂ ಅಲ್ಲ, ನಿಜ. ಆದರೂ 13! ನನ್ನ ಅಜ್ಜಿ ಇದೇ ಊರವಳು. ಶಾಲೆಯ ಬಾಗಿಲು ನೋಡಿದವಳಲ್ಲ. ಹೆಬ್ಬೆಟ್ಟು ಒತ್ತಿಯೇ ಹೋದಳು. ನಾನು ಟೀಚರ್ ಟ್ರೇನಿಂಗಿಗೆ ಹೊರಟಾಗ ‘ನಮ್ಮೂರಲ್ಲಿ ಹೆಣ್ಣುಮಕ್ಕಳು ಓದುವ ಪದ್ಧತಿ ಇಲ್ಲ’ ಅಂತ ಜಗಳ ತೆಗೆದವರಿದ್ದರು. ಈ 13ರ ಲೆಕ್ಕ ಆಗಲೇ ಗೊತ್ತಿದ್ದರೆ ಎಷ್ಟು ಉಪಯೋಗವಾಗುತ್ತಿತ್ತು!

ಉಳಿದ ಚರಿತ್ರೆ ಗಡಿಬಿಡಿಯಲ್ಲಿ ಹೇಳಿಬಿಡುತ್ತೇನೆ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು ಅಂತ ಪಾಠದಲ್ಲಿ ಇದೆ. ಅವರ ಜೊತೆಗೆ ನಿಂತು ದಾರಿ ಮಾಡಿಕೊಟ್ಟವನು ಹೊನ್ನಾವರದ ತಿಮ್ಮಯ್ಯ. ಅವರ ಬಾಯಲ್ಲಿ ತಿಮೋಜ. ಅವನ ಬಗ್ಗೆ ಹೆಮ್ಮೆ ಪಡಬೇಕೋ ಬೈಯಬೇಕೋ ನನಗಿನ್ನೂ ತೀರ್ಮಾನವಾಗಿಲ್ಲ. ಆಮೇಲೆ ಅದೇ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿ ಕೂತರು. ಅವರಿಗೆ ಬೇಕಾದದ್ದು ಘಟ್ಟದ ಕಾಳುಮೆಣಸು. ಅದು ಶರಾವತಿ ಹೊಳೆಯಲ್ಲಿ ದೋಣಿ ಮೇಲೆ ಬರುತ್ತಿದ್ದದ್ದು ಗೇರುಸೊಪ್ಪೆಯಿಂದ, ರಾಣಿ ಚೆನ್ನಭೈರಾದೇವಿಯ ನಾಡಿನಿಂದ. ಅವಳನ್ನು ಅವರು ಮೆಣಸಿನ ರಾಣಿ ಅಂತಲೇ ಕರೆದರು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಇದೇ ಹೊಳೆಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟ ಏರಿ ಇಕ್ಕೇರಿಗೆ ಹೋದ. ಮುಂದೆ ಹೈದರ್, ಟಿಪ್ಪು, ಇಂಗ್ಲಿಷರು. ಅಳಿವೆಯಾಚೆ ಸಮುದ್ರದ ನಡುವೆ ಬಸವರಾಜ ದುರ್ಗದ ಚಿರೆಕಲ್ಲಿನ ಗೋಡೆ ಇನ್ನೂ ನಿಂತಿದೆ.

ಹೊಳೆಯ ವಿಷಯ ಮಾತ್ರ ಗಡಿಬಿಡಿಯಲ್ಲಿ ಹೇಳುವಂಥದ್ದಲ್ಲ. ನಾನು ಸಣ್ಣವಳಿದ್ದಾಗ ನೀರು ಇಳಿದ ಹೊತ್ತಿಗೆ ಅಮ್ಮ, ಚಿಕ್ಕಮ್ಮ ಎಲ್ಲ ಬುಟ್ಟಿ ಹಿಡಿದು ಕೆಸರಿಗೆ ಇಳಿಯುತ್ತಿದ್ದರು, ಬಳಚು (ಚಿಪ್ಪುಮೀನು) ಆರಿಸಲಿಕ್ಕೆ. ಕಾಲಿನ ಹೆಬ್ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು ಅಂದರೆ ಬಗ್ಗಿ ತೆಗೆಯುವುದು. ಅರ್ಧ ಗಂಟೆಯಲ್ಲಿ ಸಾರಿಗೆ ಆಗುವಷ್ಟು. ‘ಈಗ ಯಾಕೆ ಸಿಗೂದಿಲ್ಲ?’ ಅಂತ ಮೊನ್ನೆ ದೋಣಿಯವನಿಗೆ ಕೇಳಿದೆ. ‘ನೀರು ಸಪ್ಪೆ ಆಗದೆ ಅಕ್ಕೋರೇ’ ಅಂದ. ಅಷ್ಟೇ. ಇದೇ ಮಾತನ್ನು ವಿಜ್ಞಾನಿಗಳು ಉದ್ದುದ್ದ ವರದಿ ಮಾಡಿ ಹೇಳಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಕರೆಂಟ್ ತಯಾರಿಸಿ ಬಿಟ್ಟ ನೀರು ವರ್ಷವಿಡೀ ಕೆಳಗೆ ಬರುತ್ತದೆ. ಮೊದಲು ಬೇಸಿಗೆಯಲ್ಲಿ ಹೊಳೆ ಸಣ್ಣದಾಗಿ ಉಪ್ಪುನೀರು ಒಳಗೆ ಏರುತ್ತಿತ್ತು. ಬಳಚು, ಕಲ್ವ, ಎಷ್ಟೋ ಜಾತಿಯ ಮೀನಿಗೆ ಆ ಉಪ್ಪು ಬೇಕು. ಈಗ ಬೇಸಿಗೆಯಲ್ಲೂ ಸಿಹಿನೀರಿನ ಒತ್ತಡ. ಅಣೆಕಟ್ಟು ಇಲ್ಲದ ಅಘನಾಶಿನಿಯಲ್ಲಿ ಬಳಚು ಉಳಿಯಿತು. ನಮ್ಮ ಮನೆಗೂ ಈಗ ಕುಮಟಾ ಕಡೆಯದ್ದೇ ಬರುತ್ತದೆ, ದುಡ್ಡು ಕೊಟ್ಟು.

ತುಮಕೂರಿನ ನನ್ನ ಕ್ಲಾಸಿನಲ್ಲಿ ಉರಿಯುತ್ತಿದ್ದ ಟ್ಯೂಬ್‌ಲೈಟಿನಲ್ಲಿ ನಮ್ಮ ಹೊಳೆಯ ಪಾಲೂ ಇತ್ತು. ಬಳಚು ಹೋದದ್ದಕ್ಕೆ ನಾನೂ ಫಲಾನುಭವಿಯೇ, ಅದಕ್ಕೆ ಜಾಸ್ತಿ ಜೋರು ಮಾಡುವ ಹಾಗಿಲ್ಲ. ಕಾಸರಕೋಡು ಟೊಂಕದ ಹೊಸ ಬಂದರಿನ ಗಲಾಟೆಗೆ ಬೇರೆಯೇ ಪತ್ರ ಬೇಕು, ಇಲ್ಲಿ ಎತ್ತುವುದಿಲ್ಲ.

ನನ್ನ ಬೇಡಿಕೆ ಸಣ್ಣದು. ಬಸ್ ಸ್ಟ್ಯಾಂಡಿನಲ್ಲೋ, ಮೀನು ಧಕ್ಕೆಯ ಹತ್ತಿರವೋ, ಜನ ಬೋಟಿಗೆ ಕಾಯುತ್ತ ನಿಲ್ಲುವ ಕಡೆಯೋ, ಕನ್ನಡದಲ್ಲಿ ಒಂದು ಬೋರ್ಡ್ ಬೇಕು. ಈ ಊರಿಗೆ ಯಾರು ಬಂದರು, ಏನು ಕಂಡರು, ಈ ಹೊಳೆ ಏನನ್ನು ಹೊತ್ತು ತರುತ್ತಿತ್ತು, ಇಷ್ಟು. ಕಾಂಡ್ಲಾ ಬೀಜ ಮರದಲ್ಲಿ ಇರುವಾಗಲೇ ಮೊಳೆತು, ನುಗ್ಗೆಕಾಯಿ ಹಾಗೆ ಜೋತುಬಿದ್ದು, ಕೆಳಗೆ ಬಿದ್ದು ಕೆಸರಿಗೆ ನಾಟಿಕೊಳ್ಳುತ್ತದೆ ಅನ್ನುವುದನ್ನೂ ಬರೆದರೆ ಒಳ್ಳೆಯದು. ಮಕ್ಕಳು ತಲೆ ಎತ್ತಿ ಹುಡುಕುತ್ತಾರೆ.

ಇದನ್ನು ಒಂದು ಕಚೇರಿಗೆ ಅರ್ಜಿ ಬರೆದು ಕೊಟ್ಟೆ. ಯಾವ ಕಚೇರಿ ಅಂತ ಹೇಳುವುದಿಲ್ಲ, ಪಾಪ, ಅವರಿಗೂ ನೂರು ಕೆಲಸ. ಅಲ್ಲಿದ್ದ ಹುಡುಗ ಅರ್ಜಿಯನ್ನು ಪೂರ್ತಿ ಓದಿದ. ಅದಕ್ಕೇ ಅವನ ಮೇಲೆ ಸಿಟ್ಟು ಬರಲಿಲ್ಲ. ಓದಿ ಮುಗಿಸಿ ಕೇಳಿದ:

‘ಈ ಬತೂತ ಅನ್ನೋರು ಎಷ್ಟು ದೇಣಿಗೆ ಕೊಟ್ಟಿದಾರೆ ಮೇಡಂ?’

ಅವನ ತಪ್ಪಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಿಂದ ಹಿಡಿದು ದೇವಸ್ಥಾನದ ಫ್ಯಾನಿನ ರೆಕ್ಕೆವರೆಗೆ ಹೆಸರು ಬರೆಸುವುದು ದಾನಿಗಳೇ ತಾನೆ? ಅವರು ದಾನಿ ಅಲ್ಲಪ್ಪ, ಪ್ರವಾಸಿ ಅಂದೆ. ‘ಪ್ರವಾಸಿ ಅಂದ್ರೆ ಬೇರೆ ಇಲಾಖೆ’ ಅಂತ ಅರ್ಜಿ ವಾಪಸ್ ಕೊಟ್ಟ. ಬೇರೆ ಇಲಾಖೆಗೂ ಕೊಟ್ಟು ಬಂದು ಎಂಟು ತಿಂಗಳಾಯಿತು.

ನಿಮ್ಮ ಪತ್ರಿಕೆಯಲ್ಲಿ ಬಂದರೆ ಯಾರಾದರೂ ಕತ್ತರಿಸಿ ಫೈಲಿಗೆ ಹಾಕಿಯಾರು ಅನ್ನುವ ಆಸೆ. ಬಣ್ಣದ ಖರ್ಚು, ಬರೆಯುವವನ ಕೂಲಿ ನನ್ನ ಪಿಂಚಣಿಯಲ್ಲಿ ಕೊಡುತ್ತೇನೆ. ಕೊಟ್ಟೆ ಅಂತ ಬೋರ್ಡಿನಲ್ಲಿ ನನ್ನ ಹೆಸರು ಹಾಕುವುದು ಬೇಡ. ಆದರೆ ಬರೆಸುವ ಮುಂಚೆ ಒಂದು ಸಲ ನನಗೆ ತೋರಿಸಲಿ. ಶರಾವತಿಯನ್ನು ‘ಶರಾವತ್ತಿ’ ಮಾಡಿದ ಬೋರ್ಡ್ ನೋಡಿ ಕಣ್ಣು ನೊಂದಿದೆ.

ತುಮಕೂರಿನ ನನ್ನ ಹಳೆಯ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆ ಮುಂದಿನ ರಸ್ತೆ ಹಿಡಿದು ಬನ್ನಿ. ಸಾಗರ ದಾಟಿ, ಘಟ್ಟ ಇಳಿದು, ಎಡಕ್ಕೆ ಹೊಳೆ ಕಾಣಿಸಿದ ಮೇಲೆ ಫೋನ್ ಮಾಡಿ, ಅನ್ನಕ್ಕೆ ಇಡುತ್ತೇನೆ.

ಇತಿ,
ಒಬ್ಬ ನಿವೃತ್ತ ಅಕ್ಕೋರು,
ಹೊನ್ನಾವರ