ಫೋನ್ ಎತ್ತದ ಅಂಗಡಿಗಳು

ಮಾಟುಂಗಾ, ಮುಂಬಯಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಪುಣೆಯಿಂದ ನೀನು ಬರೆದ ಕಾಗದ ತಲುಪಿತು. ಕನಿಷ್ಠ ಕೂಲಿ ಏರಿಸಿದರೆ ಕೆಲಸ ಹೋಗುತ್ತದೆ ಅಂತ ಒಬ್ಬ ಮೇಷ್ಟ್ರು, ಹೋಗಲ್ಲ ಅಂತ ಇನ್ನೊಬ್ಬರು. ಇದೆಂಥ ವಿಜ್ಞಾನ, ಅರ್ಥಶಾಸ್ತ್ರ ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಕೂರಲಾ ಅಂತ ಕೇಳಿದ್ದೀಯ. ಪರೀಕ್ಷೆ ಬರೆ, ಬೇಡ ಅನ್ನಲ್ಲ. ಆದರೆ ಈ ಕಾರಣಕ್ಕೆ ಬಿಡಬೇಡ.

ಮೂವತ್ತು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತವನು ನಾನು. ಸಂಬಳ ಏರಿದರೆ ಇಬ್ಬರು ಹುಡುಗರನ್ನು ಊರಿಗೆ ಕಳಿಸಬೇಕಾಗುತ್ತದೆ ಅಂತ ನಾನೂ ಹೇಳುತ್ತಿದ್ದೆ. ಪುಸ್ತಕಗಳಲ್ಲೂ ಅದೇ ಇತ್ತು. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ವಿಚಾರಿಸಿದರು. ಏರಿಕೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ. ಎರಡನೇ ಸಲ ಫೋನಿಗೆ ಸಿಗದ ಅಂಗಡಿಗಳಿಗೆ ಆಳು ಕಳಿಸಿ, ಬಾಗಿಲು ತೆರೆದಿದೆಯೋ ಇಲ್ಲವೋ ನೋಡಿಸಿದರು. ನನಗೆ ಹಿಡಿಸಿದ್ದೇ ಇದು. ಮುಚ್ಚಿಹೋದ ಅಂಗಡಿ ಫೋನ್ ಎತ್ತಲ್ಲ ಅಲ್ವಾ? ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಎಲ್ಲ ಸುಖವಾಗಿಯೇ ಕಾಣುತ್ತದೆ.

ಕೆಲಸ ಕಮ್ಮಿಯಾಗಿರಲಿಲ್ಲ. 1994ರಲ್ಲಿ ಇದು ಅಚ್ಚಾದಾಗ ದೊಡ್ಡ ಗಲಾಟೆ. ಬೇರೆ ಇಬ್ಬರು ಸಂಬಳದ ಪಟ್ಟಿಗಳನ್ನು ತಂದು, ಇಲ್ಲ, ಕಮ್ಮಿಯಾಗಿದೆ ಅಂದರು. ಕಾರ್ಡ್ ಮತ್ತು ಕ್ರೂಗರ್ ಸರ್ಕಾರಿ ದಾಖಲೆ ಹಿಡಿದು ಮತ್ತೆ ಎಣಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2021ರಲ್ಲಿ ಕಾರ್ಡ್‌ಗೆ ನೊಬೆಲ್ ಬಂತು. ಕ್ರೂಗರ್ ಅಷ್ಟರಲ್ಲಿ ತೀರಿಕೊಂಡಿದ್ದರು, ಪಾಪ.

ಜಗಳ ಇನ್ನೂ ಮುಗಿದಿಲ್ಲ. ಆದರೆ ಮೊದಲು ಹಾಳೆಯ ಮೇಲೆ ಬೇಡಿಕೆ, ಪೂರೈಕೆ ಅಂತ ಎರಡು ಗೆರೆ ಎಳೆದು ವಾದಿಸುತ್ತಿದ್ದವರು, ಈಗ ಯಾರನ್ನು ಯಾರ ಜೊತೆ ಹೋಲಿಸಿದಿರಿ ಅಂತ ಕೇಳುತ್ತಾರೆ. ಮಾಲೀಕನ ಕೈ ಎಷ್ಟು ಮೇಲಿದೆ ಅಂತಲೂ ನೋಡುತ್ತಾರೆ. ನಮ್ಮ ಹುಡುಗರು ಹೋಟೆಲಿನಲ್ಲೇ ಮಲಗುತ್ತಿದ್ದರು. ಕೆಲಸ ಬಿಟ್ಟರೆ ಮಲಗುವ ಜಾಗವೂ ಹೋಯಿತು. ಹಾಗಾಗಿ ನಾನು ಕೊಟ್ಟಿದ್ದೇ ಸಂಬಳ. ಸ್ವಲ್ಪ ಜಾಸ್ತಿ ಕೊಟ್ಟಿದ್ದರೂ ಯಾರನ್ನೂ ಕಳಿಸಬೇಕಿರಲಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು, ಬಾಯಿ ಬಿಡಲಿಲ್ಲ ಅಷ್ಟೇ.

ನಿನ್ನ ಮೇಷ್ಟ್ರುಗಳಲ್ಲಿ ಯಾರು ಸರಿ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡ. ಇಬ್ಬರ ಹತ್ತಿರವೂ ಹೋಗಿ, ಯಾವ ಊರಿನ ಲೆಕ್ಕ ಸರ್, ಯಾರನ್ನು ಬಿಟ್ಟಿದ್ದೀರಿ ಅಂತ ಕೇಳು. ಮರ್ಯಾದೆಯಿಂದ ಕೇಳು, ನಿನ್ನ ಬಾಯಿ ನನಗೆ ಗೊತ್ತು.

ರಜೆಗೆ ಬಾ. ಇಲ್ಲಿನ ನಾಲ್ಕು ಹೋಟೆಲಿನವರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಮಧ್ಯಾಹ್ನ ಮೂರರ ಮೇಲೆ ಹೋಗೋಣ. ಊಟದ ಹೊತ್ತಿನಲ್ಲಿ ಹೋದರೆ ಯಾರೂ ಮಾತಿಗೆ ಸಿಗಲ್ಲ.

ಇಂತಿ,
ದೊಡ್ಡಪ್ಪ