ವಕಾಲತ್ತಿಗೆ ರುಜು ಹಾಕುವ ಮೊದಲು

ಚಿರಂಜೀವಿ ಪುಟ್ಟಿಗೆ ಅಜ್ಜನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಸನ್ನದು ಪಡೆದು ವರ್ಷ ತುಂಬುವ ಮೊದಲೇ ನಿನ್ನ ಹಿರಿಯ ವಕೀಲರು ಮನೆ ಖಾಲಿ ಮಾಡಿಸುವ ದಾವೆಯೊಂದನ್ನು ನಿನಗೆ ಒಪ್ಪಿಸುತ್ತಿದ್ದಾರೆ, ಕಾನೂನು ನಿಮ್ಮ ಕಕ್ಷಿದಾರನ ಕಡೆಗೇ ಇದೆ, ಆದರೂ ಎದುರು ಪಕ್ಷದ ಆ ವಿಧವೆಯ ಮುಖ ಕಣ್ಣಿಗೆ ಕಟ್ಟಿ ನಿದ್ದೆ ಬಾರದಾಗಿದೆ ಎಂದು ಬರೆದಿದ್ದೀಯೆ. ಅದನ್ನು ಓದಿದಾಗ ನನಗೆ ನೆನಪಾದವರು ಅಮೆರಿಕದ ವಕೀಲ ಥ್ಯಾಡಿಯಸ್ ಸ್ಟೀವನ್ಸ್.

ಅವರು 1792ರಲ್ಲಿ ವರ್ಮಾಂಟ್ ರಾಜ್ಯದ ಬಡ ಕುಟುಂಬವೊಂದರಲ್ಲಿ, ತಿರುಚಿದ ಪಾದದೊಡನೆ ಹುಟ್ಟಿದವರು. ಓದು ಮುಗಿಸಿ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್‌ನಲ್ಲಿ ವಕೀಲಿ ಹಿಡಿದರು. ಆ ರಾಜ್ಯದ 1780ರ ಕಾನೂನಿನಂತೆ, ಹೊರರಾಜ್ಯದ ಒಡೆಯರು ಕರೆತಂದ ಗುಲಾಮರು ಅಲ್ಲಿ ಆರು ತಿಂಗಳು ಉಳಿದರೆ ಸ್ವತಂತ್ರರಾಗುತ್ತಿದ್ದರು. ಮೇರಿಲ್ಯಾಂಡಿನ ಚಾರಿಟಿ ಬಟ್ಲರ್ ಎಂಬ ಹೆಣ್ಣುಮಗಳು, ತಾನು ಬಂದುಹೋದ ದಿನಗಳನ್ನೆಲ್ಲ ಕೂಡಿಸಿದರೆ ಆ ಅವಧಿ ಮೀರುತ್ತದೆ ಎಂದು ಬಿಡುಗಡೆ ಬೇಡಿದಳು. ಸ್ಟೀವನ್ಸ್ ಒಡೆಯನ ಪರ ನಿಂತರು. ವಾಸವು ಎಡೆಬಿಡದೆ ಆರು ತಿಂಗಳು ಇರಬೇಕೆಂದು 1821ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ತಾಯಿಯೂ ಮಕ್ಕಳೂ ಮತ್ತೆ ಗುಲಾಮಗಿರಿಗೆ ಸೇರಿದರು. ದಿನಗಳ ಲೆಕ್ಕದಲ್ಲಿ ದೊರೆತ ಆ ಗೆಲುವನ್ನು ಓದುವಾಗಲೆಲ್ಲ ನನ್ನದೇ ಹಳೆಯ ಗೆಲುವೊಂದು ನೆನಪಾಗಿ ಊಟ ಸೇರುವುದಿಲ್ಲ.

ಎರಡೇ ವರ್ಷಕ್ಕೆ, 1823ರಲ್ಲಿ, ಮುಂದಿನ ಅಧ್ಯಕ್ಷನು ಯಾವ ಗುಲಾಮನಿಗೂ ಸಂಕೋಲೆ ತೊಡಿಸದವನಾಗಿರಲಿ ಎಂದು ಅವರು ಬಹಿರಂಗವಾಗಿ ಹಾರೈಸಿದರು. ಆಮೇಲಿನ ಬದುಕು ಅದೇ ದಾರಿಯಲ್ಲಿ ಸಾಗಿತು. 1835ರಲ್ಲಿ, ಬಡ ಮಕ್ಕಳಿಗೂ ತೆರೆದಿದ್ದ ಉಚಿತ ಶಾಲೆಗಳ ಕಾನೂನು ರದ್ದಾಗಲಿದ್ದಾಗ, ಶಾಸನಸಭೆಯಲ್ಲಿ ಅವರು ಮಾಡಿದ ಒಂದು ಭಾಷಣ ಅದನ್ನು ಉಳಿಸಿತು. ಮತದಾನವನ್ನು ಬಿಳಿಯರಿಗಷ್ಟೇ ಸೀಮಿತಗೊಳಿಸಿದ 1838ರ ರಾಜ್ಯ ಸಂವಿಧಾನಕ್ಕೆ ರುಜು ಹಾಕಲು ನಿರಾಕರಿಸಿದರು. 1851ರಲ್ಲಿ, ಓಡಿಬಂದ ಗುಲಾಮರನ್ನು ಹಿಡಿಯಲು ಪೆನ್ಸಿಲ್ವೇನಿಯಾದ ಕ್ರಿಸ್ಟಿಯಾನಾ ಎಂಬ ಊರಿಗೆ ಬಂದ ಮೇರಿಲ್ಯಾಂಡಿನ ಒಡೆಯನೊಬ್ಬ ಅಲ್ಲಿನ ಘರ್ಷಣೆಯಲ್ಲಿ ಸತ್ತು, 38 ಜನರ ಮೇಲೆ ದೇಶದ್ರೋಹದ ಆರೋಪ ಬಂದಾಗ, ಆರೋಪಿಗಳ ಪರ ವಾದಿಸಿದ ವಕೀಲರಲ್ಲಿ ಸ್ಟೀವನ್ಸ್ ಒಬ್ಬರು. ಮೂವತ್ತು ವರ್ಷಗಳ ಹಿಂದೆ ಮೇರಿಲ್ಯಾಂಡಿನ ಒಡೆತನದ ಹಕ್ಕನ್ನು ಗೆಲ್ಲಿಸಿಕೊಟ್ಟವರು ಈ ಬಾರಿ ಅದರ ಎದುರು ನಿಂತಿದ್ದರು. ಮೊದಲು ವಿಚಾರಣೆಗೊಳಗಾದ ಆರೋಪಿ ನಿರ್ದೋಷಿಯೆಂದು ಬಿಡುಗಡೆಯಾದನು.

ನೀನು ಉಲ್ಲೇಖಿಸುವ ನಮ್ಮ ಸಂವಿಧಾನದ 14ನೆಯ ವಿಧಿಯಲ್ಲಿ ‘ಕಾನೂನುಗಳ ಸಮಾನ ಸಂರಕ್ಷಣೆ’ ಎಂಬ ಮಾತಿದೆಯಲ್ಲ, ಅದರ ಮೂಲ ಅಮೆರಿಕದ 14ನೆಯ ತಿದ್ದುಪಡಿಯಲ್ಲಿದೆ. 1866ರಲ್ಲಿ ಅದನ್ನು ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಮುನ್ನಡೆಸಿದವರು ಸ್ಟೀವನ್ಸ್. ತಾವು ಬಯಸಿದ್ದಕ್ಕಿಂತ ಅದು ತೀರ ಕಡಿಮೆಯೆಂದು ನೊಂದುಕೊಂಡರೂ, ತಾನು ಬದುಕಿರುವುದು ಮನುಷ್ಯರ ನಡುವೆ, ದೇವದೂತರ ನಡುವೆ ಅಲ್ಲ ಎಂದು ಹೇಳಿ ಒಪ್ಪಿಕೊಂಡರು. 1868ರ ಆಗಸ್ಟ್‌ನಲ್ಲಿ ತೀರಿಕೊಂಡಾಗ, ಬೇರೆ ಸ್ಮಶಾನಗಳು ವರ್ಣಭೇದ ಮಾಡುತ್ತಿದ್ದ ಕಾರಣ, ಎಲ್ಲರಿಗೂ ಸ್ಥಳ ಕೊಡುತ್ತಿದ್ದ ಲ್ಯಾಂಕಾಸ್ಟರ್‌ನ ಸಣ್ಣ ಸ್ಮಶಾನದಲ್ಲಿ ಅವರ ಇಚ್ಛೆಯಂತೆ ಮಣ್ಣು ಮಾಡಿದರು. ಸಮಾಧಿಯ ಕಲ್ಲಿನ ಮೇಲೆ ಆ ಕಾರಣವನ್ನೇ ಕೆತ್ತಲಾಗಿದೆ.

ಇಷ್ಟೆಲ್ಲ ಮಾಡಿದರೂ ಚಾರಿಟಿ ಬಟ್ಲರಳ ತೀರ್ಪು ಮಾತ್ರ ಬದಲಾಗಲಿಲ್ಲ, ಮಗು. ವಕಾಲತ್ತಿಗೆ ನೀನಿನ್ನೂ ರುಜು ಹಾಕಿಲ್ಲ. ಕಕ್ಷಿದಾರನಿಗೆ ವಕೀಲರನ್ನು ಪಡೆಯುವ ಹಕ್ಕಿದೆ, ಆದರೆ ಆ ವಕೀಲೆ ನೀನೇ ಆಗಬೇಕೆಂದಿಲ್ಲ. ಇದನ್ನು ನಿನ್ನ ಹಿರಿಯರ ಮುಂದೆ ವಿನಯದಿಂದ, ಮರೆಮಾಚದೆ ಹೇಳು. ಒಪ್ಪಿಕೊಳ್ಳಲೇಬೇಕಾದ ಸಂದರ್ಭ ಬಂದರೆ, ಆ ತಾಯಿಗೆ ಇನ್ನೊಂದು ಸೂರು ಹುಡುಕಿಕೊಳ್ಳಲು ಒಂದು ವರ್ಷದ ಗಡುವು ಕೊಟ್ಟು ರಾಜಿ ಮಾಡಿಕೊಳ್ಳುವಂತೆ ಮೊದಲ ದಿನವೇ ಕಕ್ಷಿದಾರನ ಮನವೊಲಿಸಲು ನೋಡು. ವಾಯಿದೆ ಯಾವ ದಿನವೆಂದು ತಿಳಿಸಿ ಬರೆ. ದಾವೆಯ ಪ್ರತಿಯನ್ನೂ ಕಳಿಸು, ಕೂತು ಓದುತ್ತೇನೆ.

ಇಂತಿ ನಿನ್ನ ಪ್ರೀತಿಯ,
ಅಜ್ಜ